ನಮ್ಮ ಶೆಡ್ಡಿಗೆ ಅಮೆರಿಕದ ದಿಗ್ಬಂಧನ

ದೊಡ್ಡವರು ಎಲ್ಲೇ ಜಗಳವಾಡಲಿ, ಅದರ ಬಿಸಿ ದಾರಿ ಕೇಳಿಕೊಂಡು ಬಂದು ನಮ್ಮ ಶೆಡ್ಡಿಗೇ ತಟ್ಟುತ್ತಿತ್ತು. ತೊಂಬತ್ತೆಂಟರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಬಾಂಬು ಸಿಡಿಸಿದ್ದು ದೆಹಲಿಯವರು. ಸಿಟ್ಟಾಗಿ ದಿಗ್ಬಂಧನ ಹಾಕಿದ್ದು ಅಮೆರಿಕದವರು. ಏಟು ಬಿದ್ದದ್ದು ಮಾತ್ರ ಜೆ.ಪಿ. ನಗರದ ನಮ್ಮ ಸಣ್ಣ ಕಾರ್ಖಾನೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಗಾದೆ ಕಟ್ಟಿದವರು ನಮ್ಮನ್ನು ನೋಡಿಯೇ ಕಟ್ಟಿರಬೇಕು.

ನಾವು ಮಾಡುತ್ತಿದ್ದುದು ಬಾಂಬಲ್ಲ, ಸ್ಟೆರಿಲೈಸರು. ನರ್ಸಿಂಗ್ ಹೋಮುಗಳಲ್ಲಿ ಕತ್ತರಿ, ಬಟ್ಟೆ, ಬ್ಯಾಂಡೇಜುಗಳನ್ನು ಹಬೆಯಲ್ಲಿಟ್ಟು ಶುದ್ಧ ಮಾಡುವ ಸ್ಟೀಲಿನ ಯಂತ್ರ. ಬೀರುವಿನಷ್ಟು ದೊಡ್ಡ ಕುಕ್ಕರ್ ಅಂದುಕೊಳ್ಳಿ. ಎಲ್ಲವನ್ನೂ ಇಲ್ಲೇ ಮಾಡುತ್ತಿದ್ದೆವು, ಒತ್ತಡ ಮಿತಿಮೀರಿದರೆ ತಾನೇ ತೆರೆದು ಹಬೆ ಹೊರಬಿಡುವ ಸೇಫ್ಟಿ ವಾಲ್ವು ಮಾತ್ರ ಅಮೆರಿಕದಿಂದ ಬರುತ್ತಿತ್ತು. ಅದನ್ನು ತರಿಸುವ ಪರ್ಚೇಸ್ ಕೆಲಸ ನನ್ನದು. ಈಗ ಅದೇ ನಿಂತುಹೋಯಿತು. ವಾಲ್ವಿಲ್ಲದ ಯಂತ್ರಗಳು ಮೂಗಿಲ್ಲದ ಮುಖ ಹೊತ್ತು ಶೆಡ್ಡಿನ ತುಂಬ ಸಾಲಾಗಿ ನಿಂತವು. ಅವು ಹೊರಗೆ ಹೋಗದಿದ್ದರೆ ಶೆಡ್ಡಿಗೆ ಬೀಗ, ನಾವೆಲ್ಲ ಮನೆಗೆ. ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಬಂತು.

ಕೊಳೆ ಬಟ್ಟೆ

ಮೊದಲು ಬಂದದ್ದು ವಾಲ್ವು ಮಾರುವವರ ಫ್ಯಾಕ್ಸು. ‘ನಿಮ್ಮ ಯಂತ್ರ ಅಣ್ವಸ್ತ್ರಕ್ಕೆ, ರಾಸಾಯನಿಕ ಅಸ್ತ್ರಕ್ಕೆ, ಜೈವಿಕ ಅಸ್ತ್ರಕ್ಕೆ ಬಳಕೆಯಾಗುವುದಿಲ್ಲ ಎಂದು ವಿವರಿಸಿ ಬರೆಯಿರಿ.’

ನಾನು ಚೆನ್ನಾಗಿ ಯೋಚಿಸಿ ಬರೆದೆ: ‘ನಮ್ಮ ಯಂತ್ರ ಮನುಷ್ಯರನ್ನು ಕೊಲ್ಲುವುದಿಲ್ಲ. ರೋಗಾಣುಗಳನ್ನು ಮಾತ್ರ ಕೊಲ್ಲುತ್ತದೆ.’

ಕಾರ್ಖಾನೆಯ ಯಜಮಾನರು ಓದಿ ತಲೆ ಹಿಡಿದುಕೊಂಡರು. “ಏನಮ್ಮಾ ಇದು! ರೋಗಾಣು ಅಂತೆಲ್ಲಾ ಬರೀಬೇಡಿ. ‘ಓಹೋ, ಇವರ ಹತ್ರ ರೋಗಾಣು ಬೇರೆ ಇದೆ’ ಅಂತ ಹಿಡ್ಕೋತಾರೆ.”

“ಮತ್ತೇನಂತ ಬರೀಲಿ ಸಾರ್?”

“ಬಟ್ಟೆ ಬೇಯಿಸುತ್ತೆ ಅಂತ ಬರೀರಿ. ಸುಳ್ಳೇನಲ್ಲವಲ್ಲ.”

ಹಾಗೇ ಬರೆದೆ. ಮರುದಿನ ಉತ್ತರ ಬಂತು: ‘ಬಟ್ಟೆ ಬೇಯಿಸುವುದಕ್ಕೆ ಇಷ್ಟೊಂದು ಒತ್ತಡ ಏಕೆ ಬೇಕು? ನಮಗೆ ಅನುಮಾನವಿದೆ.’

ಯಜಮಾನರು ಎದ್ದು ನಿಂತರು. “ಸಿಲ್ಕ್ ಬೋರ್ಡಿಂದ ಬಸ್ಸಲ್ಲಿ ನೇತಾಡ್ಕೊಂಡು ಬಂದಿರೋರ ಶರ್ಟೊಂದನ್ನ ಪಾರ್ಸಲ್ ಮಾಡಿ ಅವರಿಗೆ. ಎಷ್ಟು ಒತ್ತಡ ಬೇಕು ಅಂತ ಗೊತ್ತಾಗಲಿ!”

ಮಾತು ಬಿಟ್ಟದ್ದು

ವಾಲ್ವು ಬರುವುದಿಲ್ಲ ಎಂದು ಖಚಿತವಾದ ದಿನ ಯಜಮಾನರು ನಮ್ಮನ್ನೆಲ್ಲ ಕರೆದು ನಿಲ್ಲಿಸಿದರು. “ಅವರು ದಿಗ್ಬಂಧನ ಹಾಕಿದ್ರೆ ನಾವೂ ಹಾಕ್ತೀವಿ. ಇವತ್ತಿಂದ ಅಮೆರಿಕದ ಒಂದು ಸಾಮಾನೂ ಈ ಗೇಟು ದಾಟಿ ಒಳಗೆ ಬರಬಾರದು.”

ಹುಡುಕಿ ನೋಡಿದರೆ ಇದ್ದದ್ದು ಕೋಲಾ ಬಾಟಲಿಗಳು ಮಾತ್ರ. ಅವನ್ನು ನಿಲ್ಲಿಸಿ ಮಜ್ಜಿಗೆ ಶುರುವಾಯಿತು. ಎಲ್ಲರಿಗೂ ಖುಷಿಯೇ ಆಯಿತು.

ಆದರೆ ಪೇಪರಿನಲ್ಲಿ ಇನ್ನೊಂದು ಸುದ್ದಿ ಬಂತು, ಜಪಾನಿನವರೂ ಮುನಿಸಿಕೊಂಡಿದ್ದಾರೆ ಅಂತ. ಯಜಮಾನರ ಕಣ್ಣು ಮೆಲ್ಲಗೆ ಆಫೀಸಿನ ಮೂಲೆಗೆ ಹೋಯಿತು. ಅಲ್ಲಿ ಕೂತಿದ್ದ ಫ್ಯಾಕ್ಸ್ ಮಷೀನು ಜಪಾನಿನದು. ಬರುವ ನಾಲ್ಕು ಆರ್ಡರುಗಳೂ ಅದರಲ್ಲೇ ಬರಬೇಕು. ತುಂಬ ಹೊತ್ತು ಯೋಚಿಸಿ, ತಮ್ಮ ಹೆಗಲ ಮೇಲಿನ ಟವೆಲು ತೆಗೆದು ಅದರ ಮೇಲೆ ಮುಚ್ಚಿದರು. ಅಂದಿನಿಂದ ಫ್ಯಾಕ್ಸ್ ಬಂದಾಗೆಲ್ಲ ನಾನು ಟವೆಲ್ಲಿನ ಅಡಿಗೆ ಕೈ ಹಾಕಿ ಕಾಗದ ಎಳೆದುಕೊಳ್ಳಬೇಕಾಯಿತು.

ಸರ್ವೀಸಿಗೆ ಬಂದವನು ಕೇಳಿದ, “ಏನ್ ಸಾರ್, ಮಷೀನ್‌ಗೆ ಚಳಿ ಆಗ್ತಾ ಇದ್ಯಾ?”

“ಇಲ್ಲಪ್ಪ,” ಎಂದರು ಯಜಮಾನರು. “ಅದರ ಜೊತೆ ಮಾತು ಬಿಟ್ಟಿದ್ದೀವಿ. ಕೆಲಸ ಮಾತ್ರ ಮಾಡಿಸ್ಕೋತೀವಿ.”

ವಿಳಾಸ

ನಮ್ಮ ಫೋರ್‌ಮನ್ ಬಾಗಲಕೋಟೆ ಕಡೆಯವರು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದರು. ಕೆಳಗೆ ಅವರು, ಮೇಲೆ ಮನೆ ಓನರು. ಓನರಿಗೆ ಟಿವಿ ನೋಡುವುದೊಂದೇ ಕೆಲಸ. ಫೋರ್‌ಮನ್ ಕೆಲಸ ಮಾಡುವ ಕಾರ್ಖಾನೆಗೆ ಅಮೆರಿಕದವರು ಸಾಮಾನು ಕೊಡುತ್ತಿಲ್ಲ ಎಂದು ಅವರ ಕಿವಿಗೆ ಬಿದ್ದದ್ದೇ ಓಡಿ ಕೆಳಗೆ ಬಂದರು.

“ನೋಡಿ, ನೀವು ಮನೆ ಖಾಲಿ ಮಾಡಿಬಿಡಿ. ಅಮೆರಿಕದೋರು ಇರಾಕ್ ಮೇಲೆ ಕ್ಷಿಪಣಿ ಬಿಟ್ಟಿದ್ದನ್ನ ಟಿವಿಲಿ ನೋಡಿದೀನಿ. ಸೀದಾ ಕಿಟಕಿ ಒಳಗೇ ಹೋಗುತ್ತೆ. ನಿಮ್ಮ ಕಿಟಕಿ ಮೇಲೇನೇ ನನ್ನ ಬೆಡ್‌ರೂಮು.”

ಫೋರ್‌ಮನ್ ಜಗ್ಗಲಿಲ್ಲ. “ಅಲ್ರೀ, ನಿಮ್ಮ ಮನಿಗೆ ಹಳೇ ನಂಬರ್ ಒಂದೈತಿ, ಹೊಸಾ ನಂಬರ್ ಒಂದೈತಿ. ಇದೇ ನಂಬರಿನ ಮನಿ ಹಿಂದಿನ ಕ್ರಾಸಿನ್ಯಾಗೂ ಐತಿ. ನಮ್ಮವ್ವ ಹಾಕಿದ ಪತ್ರಾನ ಪೋಸ್ಟ್‌ಮನ್ ಇನ್ನೂ ಹುಡುಕಾಕತ್ತಾನ. ಅವಗ ಸಿಗದ ಮನಿ ಅಮೆರಿಕದವರಿಗೆ ಹ್ಯಾಂಗ ಸಿಗತೈತ್ರಿ?”

ಓನರು ಯೋಚಿಸಿದರು. ಸಮಾಧಾನವಾದಂತೆ ಕಂಡಿತು. ಖಾಲಿ ಮಾಡುವ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಫೋರ್‌ಮನ್ ಕೆಲಸಕ್ಕೆ ಹೊರಟಾಗ ಓನರು ಗೇಟಿನ ಹತ್ತಿರ ಬ್ರಷ್ಷು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ಇದ್ದ ಎರಡು ನಂಬರುಗಳ ಮೇಲೂ ಸುಣ್ಣ ಬಳಿಯುತ್ತಿದ್ದರು.

ಪಾಸು, ಫೇಲು

ಕೊನೆಗೆ ಯಜಮಾನರೂ ಫೋರ್‌ಮನ್ನೂ ಸೇರಿ ವಾಲ್ವನ್ನು ನಾವೇ ಮಾಡುವುದೆಂದು ಹಟ ತೊಟ್ಟರು. ಮೊದಮೊದಲ ವಾಲ್ವುಗಳು ತೆರೆಯಬಾರದ ಹೊತ್ತಿನಲ್ಲಿ ತೆರೆಯುತ್ತಿದ್ದವು, ತೆರೆಯಬೇಕಾದಾಗ ಗರ ಬಡಿದಂತೆ ಕೂರುತ್ತಿದ್ದವು. ಒಂದು ಅಂತೂ ಹಾರಿ ಚಾವಣಿಯ ಶೀಟು ತೂತು ಮಾಡಿಕೊಂಡು ಹೊರಗೇ ಹೋಯಿತು. ಪಕ್ಕದ ಶೆಡ್ಡಿನವರು ಓಡಿ ಬಂದು, “ಏನ್ ಗುರು, ಅಮೆರಿಕ ಹೇಳಿದ್ದು ನಿಜಾನಾ?” ಎಂದು ಕೇಳಿದರು. ಆ ದಿನ ಯಾರೂ ಊಟ ಮಾಡಲಿಲ್ಲ. ನನಗೆ ಅಳುವೇ ಬಂದಿತ್ತು.

ಬಿಡದೆ ತಿದ್ದಿ ತಿದ್ದಿ ಒಂದು ದಿನ ವಾಲ್ವು ಸರಿಯಾಗಿ ಕೂತಿತು. ಆದರೆ ಹಬೆ ಯಂತ್ರದ ಮೂಲೆಮೂಲೆಗೂ ಹೋಗಿದೆಯೋ ಎಂದು ನೋಡಲು ಬಣ್ಣ ಬದಲಾಯಿಸುವ ಒಂದು ಪಟ್ಟಿ ಬೇಕು. ಆ ಪಟ್ಟಿಯೂ ಅಮೆರಿಕದ್ದೇ!

ನನಗೆ ರೇಗಿಹೋಯಿತು. “ಹಬೆ ಹೋಗಿದ್ಯೋ ಇಲ್ವೋ ಅಂತ ನೋಡೋಕೆ ಅಮೆರಿಕದವರನ್ನ ಯಾಕೆ ಕೇಳ್ಬೇಕು ಸಾರ್? ಇಡ್ಲಿ ಹಾಕಿ. ಮೂಲೆ ಇಡ್ಲಿ ಬೆಂದಿದ್ರೆ ಹಬೆ ಹೋಗಿದೆ ಅಂತ ಅರ್ಥ.”

ಯಾರೂ ನಗಲಿಲ್ಲ. ಮಾರನೇ ದಿನ ನಾನೇ ಹಿಟ್ಟು ರುಬ್ಬಿ ತಂದೆ. ಬಾಗಿಲು ತೆಗೆದಾಗ ಮೂಲೆಯ ಇಡ್ಲಿಯೂ ಬೆಂದಿತ್ತು. ಆದರೆ ಅಷ್ಟು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿತ್ತು. ಫೋರ್‌ಮನ್ ಒಂದನ್ನು ಎತ್ತಿ ನೆಲಕ್ಕೆ ಬಿಟ್ಟರು. ಅದು ಪುಟಿದು ಬೆಂಚಿನ ಕೆಳಗೆ ಸೇರಿಕೊಂಡಿತು.

“ಮಷೀನ್ ಪಾಸ್ ಆತ್ರಿ,” ಎಂದರು ಗಂಭೀರವಾಗಿ. “ಮೇಡಮ್ಮಾರು ಫೇಲ್.”

ಲ್ಯಾಬಿನವರೂ ಪರೀಕ್ಷೆ ಮಾಡಿ ಸರಿಯಿದೆ ಎಂದ ಮೇಲೆ ನಿಂತಿದ್ದ ಯಂತ್ರಗಳು ಒಂದೊಂದಾಗಿ ಲಾರಿ ಹತ್ತಿದವು. ಶೆಡ್ಡಿಗೆ ಬೀಗ ಬೀಳಲಿಲ್ಲ. ಹೊಸ ಯಂತ್ರಕ್ಕೆ ಮೊದಲ ಹಬೆ ಇಡ್ಲಿಯದ್ದೇ ಎನ್ನುವುದು ಅಂದಿನಿಂದ ನಮ್ಮಲ್ಲಿ ಶಾಸ್ತ್ರವಾಗಿಬಿಟ್ಟಿತು. ಒತ್ತಡ ಎಷ್ಟಿಟ್ಟರೆ ಇಡ್ಲಿ ಮೆತ್ತಗಾಗುತ್ತದೆ ಎಂಬುದೂ ನಮಗೆ ತಿಳಿಯುತ್ತ ಬಂತು.

ಕಣ್ಣಾರೆ ನೋಡಿದ್ದು

ಕೆಲವು ವರ್ಷ ಕಳೆದು ಅಮೆರಿಕದ ಕೋಪ ಇಳಿಯಿತು, ದಿಗ್ಬಂಧನವೂ ಸಡಿಲವಾಯಿತು. ಆಗ ಅಲ್ಲಿಂದ ಒಬ್ಬ ಅಧಿಕಾರಿ ಬಂದ. ಹಿಂದೆ ನಮಗೆ ಮಾರಿದ್ದ ವಾಲ್ವುಗಳು ನಿಜವಾಗಿ ಯಾರ ಕೈ ಸೇರಿವೆ ಎಂದು ಖುದ್ದಾಗಿ ನೋಡುವುದು ಅವನ ಕೆಲಸ. ಅವನು ಕಾಲಿಟ್ಟ ದಿನವೇ ಹೊಸ ಯಂತ್ರವೊಂದಕ್ಕೆ ಮೊದಲ ಹಬೆ ಕೊಡುತ್ತಿದ್ದೆವು.

“ಇದರೊಳಗೆ ಏನಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಯಜಮಾನರು ಇಕ್ಕಟ್ಟಿಗೆ ಸಿಕ್ಕಿದರು. ಇಡ್ಲಿ ಎಂದರೆ ಗೇಲಿ ಮಾಡುತ್ತಿದ್ದೇವೆ ಎಂದುಕೊಂಡಾನು. ಏನೂ ಇಲ್ಲ ಎಂದರೆ ಮುಚ್ಚಿಡುತ್ತಿದ್ದೇವೆ ಎಂದುಕೊಂಡಾನು.

“ತಿಂಡಿ,” ಎಂದೆ ನಾನು.

“ತೆರೆದು ತೋರಿಸಿ.”

“ಈಗ ಆಗೋದಿಲ್ಲ, ಹಬೆ ಇಳೀಬೇಕು.”

ಅವನ ಹುಬ್ಬು ಮೇಲೇರಿತು. ಕುರ್ಚಿ ಹಾಕಿಕೊಂಡು ಯಂತ್ರದ ಮುಂದೆಯೇ ಕಾವಲು ಕೂತ. ಹಬೆ ಇಳಿಯಿತು, ಫೋರ್‌ಮನ್ ಬಾಗಿಲು ತೆಗೆದರು. ಅವನ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ತಟ್ಟೆತಟ್ಟೆಯಲ್ಲೂ ಬೆಳ್ಳಗೆ ಇಡ್ಲಿ. ಚಟ್ನಿ ಹಾಕಿ ಕೊಟ್ಟೆವು. ಮೊದಲು ಅನುಮಾನದಿಂದ ತುದಿ ಮುರಿದ. ಆಮೇಲೆ ಅವನೇ ತಟ್ಟೆ ಮುಂದೆ ಚಾಚಿದ. ಮತ್ತೆ ಚಾಚಿದ.

ಹೊಟ್ಟೆ ತುಂಬಿದ ಮೇಲೆ ಕರ್ತವ್ಯ ನೆನಪಾಯಿತು. “ಈ ಯಂತ್ರದ ಮೇಲಿರುವ ವಾಲ್ವು ನಮ್ಮದಲ್ಲ. ಯಾವ ದೇಶದವರು ನಿಮಗೆ ಕೊಟ್ಟರು?”

“ಯಾರೂ ಕೊಡಲಿಲ್ಲ. ಅದಕ್ಕೇ ಮಾಡ್ಕೊಂಡ್ವಿ,” ಎಂದರು ಯಜಮಾನರು. ಆ ಮಾತಿಗೆ ನನ್ನ ಎದೆ ತುಂಬಿ ಬಂತು.

“ಇನ್ನು ನೀವು ನಮ್ಮಿಂದಲೇ ಕೊಳ್ಳಬಹುದು. ಅಡ್ಡಿಯಿಲ್ಲ.”

“ಬೇಡ ಸಾರ್. ಅಭ್ಯಾಸ ತಪ್ಪಿಹೋಗಿದೆ.”

ಅವನು ಸ್ವಲ್ಪ ಕೆಂಪಾದ. ಪೆನ್ನು ತೆಗೆದು ಬಿಗುವಾಗಿ ಕೇಳಿದ, “ಇರಲಿ. ನಿಯಮದ ಪ್ರಕಾರ ಒಂದು ಪ್ರಶ್ನೆ ಬಾಕಿಯಿದೆ. ಈ ಯಂತ್ರದಿಂದ ಕಟ್ಟಕಡೆಗೆ ಉಪಯೋಗ ಪಡೆಯುವವನು ಯಾರು? ಬರೀ ಹೆಸರು ಹೇಳಿದರೆ ಸಾಲದು, ಅವನನ್ನು ನಾನು ಕಣ್ಣಾರೆ ನೋಡಬೇಕು.”

ಯಜಮಾನರು ನನ್ನ ಮುಖ ನೋಡಿದರು. ನಾನು ಅಧಿಕಾರಿಯ ಕೈಯಿಂದ ಖಾಲಿ ತಟ್ಟೆ ತೆಗೆದುಕೊಂಡೆ.

“ಅಲ್ಲಿ ಕೈ ತೊಳೆಯೋ ಜಾಗದಲ್ಲಿ ಕನ್ನಡಿ ಇದೆ ಸಾರ್,” ಎಂದೆ. “ಹೋಗಿ ನೋಡ್ಕೊಂಡು ಬನ್ನಿ.”