ಹದಿನೆಂಟು ಮುದ್ದೆಯ ಗುಟ್ಟು

ರಾಮಗಿರಿಯ ಬೋರಣ್ಣ ತನ್ನ ಮದುವೆಯ ಬೀಗರೂಟದಲ್ಲಿ ಹದಿನೆಂಟು ರಾಗಿ ಮುದ್ದೆ ನುಂಗಿದ. ಒಂದೊಂದು ಮುದ್ದೆಯೂ ಸುಲಿದ ತೆಂಗಿನಕಾಯಿಯಷ್ಟು. ಹತ್ತೊಂಬತ್ತನೆಯದಕ್ಕೆ ಅವನು ಕೈ ಚಾಚಿದಾಗ ಹೊಸದುರ್ಗದ ಬೀಗರ ಮನೆಯಲ್ಲಿ ಹಿಟ್ಟೇ ಮುಗಿದಿತ್ತು. ಸುತ್ತಲ ಮೂರು ಹಳ್ಳಿಯ ಗಿರಣಿಗಳು ಸಂಜೆಯವರೆಗೂ ಓಡಿದವು. ಮುದ್ದೆ ಕೋಲು ಬಿಸಾಕಿ ಓಡಿಹೋದ ಅಡುಗೆಯವನು ಇವತ್ತಿಗೂ ಸಿಕ್ಕಿಲ್ಲ. ಆ ವರ್ಷ ರಾಗಿಯ ಬೆಲೆ ಏರಿದ್ದು ಮಳೆ ಕೈಕೊಟ್ಟಿದ್ದರಿಂದ ಎಂದು ಸರ್ಕಾರ ಹೇಳುತ್ತದೆ. ಸರ್ಕಾರಕ್ಕೆ ಏನು ಗೊತ್ತು?

ನಂಬದವರು ಬೋರಣ್ಣನನ್ನೇ ಕೇಳಬಹುದು. ಕೇಳದಿದ್ದರೂ ಅವನು ಹೇಳುತ್ತಾನೆ. ಊರಿಗೆ ನೀರು ಬಿಡುವ ಕೆಲಸ ಅವನದು. ವಾಲ್ವ್ ತಿರುಗಿಸಲು ಎರಡು ನಿಮಿಷ ಸಾಕು, ಉಳಿದ ಹೊತ್ತೆಲ್ಲ ಈ ಹದಿನೆಂಟು ಮುದ್ದೆಯನ್ನು ಊರಿಗೆ ಬಡಿಸುವುದೇ ಕೆಲಸ. ಇಪ್ಪತ್ತು ವರ್ಷದಿಂದ ಬಡಿಸುತ್ತಿದ್ದಾನೆ. ಕೊಡ ಹಿಡಿದು ನಿಂತ ಹೆಂಗಸರು ನೀರು ಬರುವುದು ತಡವಾದರೂ ಸಹಿಸುತ್ತಾರೆ, ಮುದ್ದೆ ಬರುತ್ತದೆಂದರೆ ಕೊಡ ಬಿಟ್ಟು ಓಡುತ್ತಾರೆ.

ಆ ಮುದ್ದೆ ಅವನದೇ ಗಂಟಲಿಗೆ ಸಿಕ್ಕಿಕೊಂಡದ್ದು ಒಬ್ಬ ಪೊಲೀಸಪ್ಪನ ಭಾಷಣದಿಂದ.

ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಆ ಪೊಲೀಸಪ್ಪ ಹೇಳಿದ್ದಿಷ್ಟು: ಗಂಡನ ಹೆಸರಲ್ಲಿ, ಮಗನ ಹೆಸರಲ್ಲಿ ‘ಅರ್ಜೆಂಟು, ದುಡ್ಡು ಹಾಕು’ ಎಂದು ಮೆಸೇಜು ಬರುತ್ತದೆ. ಈಗ ಧ್ವನಿಯನ್ನೂ ಮುಖವನ್ನೂ ಕಂಪ್ಯೂಟರಿನಲ್ಲಿ ತಯಾರಿಸುತ್ತಾರೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಉತ್ತರ ಸರಿಯಿದ್ದರಷ್ಟೇ ದುಡ್ಡು.

ಮುಂದಿನ ಸಾಲಿನಲ್ಲಿ ಕೂತಿದ್ದ ಬೋರಣ್ಣ ಮನೆಗೆ ಬಂದವನೇ ಹೆಂಡತಿ ಪುಟ್ಟಕ್ಕನನ್ನೂ ಮಗಳು ಅನುಷಾಳನ್ನೂ ಎದುರಿಗೆ ಕೂರಿಸಿಕೊಂಡ.

“ನೋಡ್ರಿ, ಮೆಸೇಜು ನನ್ನ ಫೋನಿಂದ್ಲೇ ಬರ್ಲಿ, ಧ್ವನಿ ನಂದೇ ಇರ್ಲಿ, ನನ್ನ ಮುಖಾನೇ ಕಾಣ್ಲಿ, ನಂಬಂಗಿಲ್ಲ. ಮೊದ್ಲು ಒಂದೇ ಪ್ರಶ್ನೆ. ಬೀಗರೂಟದಲ್ಲಿ ಎಷ್ಟು ಮುದ್ದೆ?”

“ಅಪ್ಪಾ, ಅದು ಊರಿಗೆಲ್ಲ ಗೊತ್ತಿರೋದು!” ಅಂದಳು ಅನುಷಾ.

“ಊರಿಗೆ ಗೊತ್ತು ಕಣಮ್ಮ. ಕಳ್ಳರಿಗೆಲ್ಲಿ ಗೊತ್ತು?”

ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಪುಟ್ಟಕ್ಕ ಗಂಡನನ್ನು ಒಮ್ಮೆ ನೋಡಿ ಮತ್ತೆ ಬೀಜದ ಕಡೆಗೆ ತಿರುಗಿದಳು.

ಮರುದಿನದಿಂದ ಬೋರಣ್ಣ ಕೊಳಾಯಿ ಕೊಳಾಯಿಗೂ ನಿಂತು ಊರಿಗೆ ಪಾಠ ಹೇಳಿದ. “ನಾನೇ ಬಂದು ನಾನು ಅಂದ್ರೂ ನಂಬಬೇಡ್ರಿ!” ಊರು ಅವನ ಮಾತನ್ನು ಜೀವಮಾನದಲ್ಲಿ ಒಮ್ಮೆ ನಂಬಿತು. ಅದು ಈ ಮಾತನ್ನು.

ಹೀಗಿರುವಾಗ ಅನುಷಾಗೆ ಹಿರಿಯೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ಕಂತು ಹದಿನಾಲ್ಕು ಸಾವಿರ, ಗುರುವಾರ ಸಂಜೆ ನಾಲ್ಕರೊಳಗೆ ಕಟ್ಟಬೇಕು. ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ದುಡ್ಡು ಪುಟ್ಟಕ್ಕನ ಖಾತೆಯಲ್ಲಿತ್ತು. ಎರಡು ವರ್ಷ ಹುಣಸೆಹಣ್ಣು ಬಿಡಿಸಿ, ಉಗುರು ಕಪ್ಪು ಮಾಡಿಕೊಂಡು ಕೂಡಿಟ್ಟದ್ದು. ಅನುಷಾ ಬಿಳಿ ಕೋಟು ಕೂಡ ಹೊಲಿಸಿ ಗೂಟಕ್ಕೆ ನೇತುಹಾಕಿದ್ದಳು.

“ನಾನೇ ಹೋಗ್ತೀನಪ್ಪ” ಅಂದಳು ಹುಡುಗಿ.

“ನೀನು ಹೋದ್ರೆ ಸಾಲಿನಲ್ಲಿ ನಿಲ್ಲುಸ್ತಾರೆ. ನಾನು ಹೋದ್ರೆ ಪ್ರಿನ್ಸಿಪಾಲ್ರು ಎದ್ದು ಕುರ್ಚಿ ಕೊಡ್ತಾರೆ.”

“ಹೋಗ್ರಿ. ಆದ್ರೆ ದುಡ್ಡು ನಿಮ್ ಕೈಗೆ ಕೊಡಲ್ಲ” ಅಂದಳು ಪುಟ್ಟಕ್ಕ. “ಹಿರಿಯೂರು ಮುಟ್ಟೋದ್ರೊಳಗೆ ಅರ್ಧ ಬಸ್ಸಿಗೆ ಟೀ ಕುಡಿಸಿರ್ತೀರಿ. ಕೌಂಟ್ರು ಮುಂದೆ ನಿಂತು ಮೆಸೇಜ್ ಹಾಕ್ರಿ, ಕಳುಸ್ತೀನಿ.”

ಗುರುವಾರ ಬೋರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟ. ಚಿತ್ರದುರ್ಗದಲ್ಲಿ ಹಿರಿಯೂರು ಬಸ್ಸು ಹತ್ತಿದಾಗ ಪಕ್ಕದಲ್ಲಿ ಒಬ್ಬ ಮೃದು ಮಾತಿನ ಮನುಷ್ಯ ಬಂದು ಕೂತು, ಹುರಿದ ಶೇಂಗಾದ ಪೊಟ್ಟಣ ಚಾಚಿದ. ಶೇಂಗಾ ಬಾಯಿಗೆ ಬೀಳುವ ಮೊದಲೇ ಮುದ್ದೆ ಹೊರಬಿತ್ತು.

ಆ ಮನುಷ್ಯ ಎಂಥವನು ಗೊತ್ತೆ? ಕತೆಯನ್ನು ಒಮ್ಮೆಯೂ ತಡೆಯಲಿಲ್ಲ. ಆಕಳಿಸಲಿಲ್ಲ. ಕಿಟಕಿಯ ಆಚೆ ಗುಡ್ಡದ ಗಾಳಿಯಂತ್ರಗಳೇ ಕೇಳಲಾಗದೆ ಮುಖ ತಿರುಗಿಸುತ್ತಿದ್ದವು, ಇವನು ಮಾತ್ರ “ಆಮೇಲೆ?” ಅನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಬೋರಣ್ಣನಿಗೆ ಅಂಥ ಕಿವಿ ಸಿಕ್ಕಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಸಂತೋಷಕ್ಕೆ ಮಗಳ ಸೀಟಿನ ವಿಷಯ ಹೇಳಿದ, ಹೆಂಡತಿಯ ಖಾತೆಯ ವಿಷಯ ಹೇಳಿದ, ಫೋನು ತೆಗೆದು ಅನುಷಾಳ ಫೋಟೋ ತೋರಿಸಿದ. ಕೊನೆಗೆ ದನಿ ತಗ್ಗಿಸಿ, ಮನೆಯ ಗುಟ್ಟಿನ ಪ್ರಶ್ನೆಯನ್ನೂ ಹೇಳಿದ.

“ಫೋನಿಗೆ ಲಾಕ್ ಹಾಕಿಲ್ವಾ ಅಣ್ಣ?” ಕೇಳಿದ ಆ ಮನುಷ್ಯ.

“ಲಾಕು ಹೆದ್ರೋರು ಹಾಕೋದು. ಬೋರಣ್ಣನ ಜೇಬಿಗೆ ಕೈ ಹಾಕೋ ಗಂಡು ಈ ಜಿಲ್ಲೇಲಿ ಹುಟ್ಟಿಲ್ಲ” ಎಂದು ಬೋರಣ್ಣ ತಲೆ ಒರಗಿಸಿ ನಿದ್ದೆ ಹೋದ.

ಹಿರಿಯೂರಿನಲ್ಲಿ ಕಂಡಕ್ಟರು ಎಬ್ಬಿಸಿದಾಗ ಪಕ್ಕದಲ್ಲಿ ಶೇಂಗಾ ಸಿಪ್ಪೆ ಇತ್ತು. ಮನುಷ್ಯ ಇರಲಿಲ್ಲ. ಬೋರಣ್ಣ ಅದನ್ನು ಗಮನಿಸದೆ ಇಳಿದು, ಹೋಟೆಲಿನಲ್ಲಿ ಊಟ ಮಾಡಿ, ಅಲ್ಲಿ ಬಡಿಸುವವನಿಗೂ ಮುದ್ದೆಯ ಕತೆ ಹೇಳಿ, ಜೇಬಿನಲ್ಲಿದ್ದ ಕೊನೆಯ ನೋಟು ಕೊಟ್ಟು, ಮೂರು ಗಂಟೆಗೆ ಕಾಲೇಜಿನ ಕೌಂಟರಿನ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಮೆಸೇಜು ಹಾಕಲು ಜೇಬಿಗೆ ಕೈ ಹಾಕಿದ. ಕೈ ಜೇಬಿನ ತಳ ಮುಟ್ಟಿತು. ಇನ್ನೊಂದು ಜೇಬಿನಲ್ಲಿ ಬಾಚಣಿಗೆ.

ಬೋರಣ್ಣನ ಮುಖ ನೀರು ನಿಂತ ಕೊಳಾಯಿಯಂತೆ ಒಮ್ಮೆ ಗೊರ್ ಎಂದಿತು, ಆಮೇಲೆ ಗಾಳಿಯೂ ಬರಲಿಲ್ಲ.

“ನಾಲ್ಕಕ್ಕೆ ಕೌಂಟ್ರು ಮುಚ್ತೀನಿ” ಅಂದರು ಒಳಗಿದ್ದ ಶಾಲಿನಿ ಮೇಡಂ. “ಎದುರುಗಡೆ ಜೆರಾಕ್ಸ್ ಅಂಗಡಿ ಹಾಲೇಶನ ಹತ್ರ ಫೋನ್ ಕೇಳ್ರಿ.”

ಹಾಲೇಶ ಫೋನು ಕೊಟ್ಟ. ಆದರೆ ಹೆಂಡತಿಯ ನಂಬರು ಬೋರಣ್ಣನಿಗೆ ಬಾಯಿಪಾಠ ಇರಲಿಲ್ಲ, ಅವನ ಫೋನಿನಲ್ಲಿ ಅದು ‘ಮನೆ’ ಅಷ್ಟೆ. ತಲೆಯಲ್ಲಿ ಇದ್ದದ್ದು ಎರಡೇ ನಂಬರು. ಒಂದು ನೀರಿನ ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ ಅವನದೇ ನಂಬರು. ಅದು ಸ್ವಿಚ್ ಆಫ್. ಇನ್ನೊಂದು ಪಂಚಾಯ್ತಿಯ ಬಿಲ್ ಕಲೆಕ್ಟರ್ ಹನುಮಂತರಾಜುವಿನದು.

“ಹಲೋ, ಹನುಮಂತ, ನಾನು ಬೋರ. ಫೋನ್ ಕಳ್ತನ ಆತು. ನಮ್ಮನೆಯೋಳಿಗೆ ಹೇಳು, ದುಡ್ಡು...”

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. “ಭಲೇ! ಬರ್ರೋ ಎಲ್ರೂ, ಕಳ್ಳ ಸಿಕ್ಕಿದ! ಏನು ಧ್ವನಿ ಮಾಡೀಯಪ್ಪ, ಥೇಟ್ ನಮ್ ಬೋರಣ್ಣಂದೇ! ಆ ಗೊಗ್ಗರು ಸಮೇತ!”

“ಲೇ, ನಾನೇ ಕಣಲೇ!”

“ನಾನೇ ಬಂದು ನಾನು ಅಂದ್ರೂ ನಂಬಬೇಡ್ರಿ ಅಂತ ನಮ್ ಬೋರಣ್ಣ ಹೇಳ್ಯಾನೆ. ಇರು, ಪುಟ್ಟಕ್ಕುನ್ನೂ ಲೈನಿಗೆ ತಗಂತೀನಿ. ತಮಾಷೆ ನೋಡಾಣ.”

ಹಾಲೇಶ ಸುಮ್ಮನಿರದೆ ಸ್ಪೀಕರ್ ಒತ್ತಿದ. ಕೌಂಟರಿನ ಸಾಲು ಹಾಗೇ ಜೆರಾಕ್ಸ್ ಅಂಗಡಿಯ ಕಡೆ ಬಾಗಿತು. ಶಾಲಿನಿ ಮೇಡಂ ಕೂಡ ಕಿಟಕಿಯಿಂದ ತಲೆ ಹಾಕಿದರು.

“ಯಾರು?” ಪುಟ್ಟಕ್ಕನ ಧ್ವನಿ.

“ಪುಟ್ಟೀ, ನಾನು ಕಣೇ. ದುಡ್ಡು...”

“ದುಡ್ಡಾ? ಎರಡು ಗಂಟೆಗೇ ನಮ್ಮೆಜಮಾನ್ರು ಮೆಸೇಜ್ ಹಾಕಿದ್ರು. ಅನುಷಾ, ಓದಮ್ಮ.”

ಅನುಷಾ ಓದಿದಳು. “‘ಕೌಂಟರ್ ಮುಂದೆ ಇದೀನಿ. ದುಡ್ಡು ಈ ನಂಬರಿಗೆ ಹಾಕು, ಕಾಲೇಜಿನೋರ್ದು.’ ನಾವು ಕೇಳಿದ್ವಿ, ಎಷ್ಟು ಮುದ್ದೆ ಅಂತ. ‘ಹದಿನೆಂಟು, ಹತ್ತೊಂಬತ್ತನೇದಕ್ಕೆ ಹಿಟ್ಟು ಖಾಲಿ’ ಅಂತ ಬಂತು. ಕಳಿಸಿದ್ವಿ. ‘ಕಟ್ಟಾಯ್ತು, ರಸೀದಿ ತಗೊಂಡೆ’ ಅಂತ್ಲೂ ಹಾಕವ್ರೆ.”

ಬೋರಣ್ಣ ಜೆರಾಕ್ಸ್ ಯಂತ್ರಕ್ಕೆ ಒರಗಿದ. ಯಂತ್ರ ಬೆಚ್ಚಗಿತ್ತು, ಅವನು ತಣ್ಣಗಿದ್ದ.

ಶಾಲಿನಿ ಮೇಡಂ ಕಿಟಕಿಯಿಂದಲೇ ಕೂಗಿದರು. “ದುಡ್ಡು ಹೋಗಿ ಇನ್ನೂ ಎರಡು ಗಂಟೆ ಆಗಿಲ್ಲ. ಕಳಿಸಿದೋರು ಈಗ್ಲೇ ಸೈಬರ್ ಪೊಲೀಸ್ರ ನಂಬರ್ ೧೯೩೦ಕ್ಕೆ ಫೋನ್ ಮಾಡಿದ್ರೆ ತಡೆ ಹಿಡೀಬಹುದು. ಕಂಪ್ಲೇಂಟ್ ನಂಬರ್ ಕೊಡ್ರಿ, ಪ್ರಿನ್ಸಿಪಾಲ್ರಿಗೆ ಹೇಳಿ ಸೀಟು ಸೋಮವಾರದವರೆಗೂ ನಿಲ್ಲುಸ್ತೀನಿ. ಆದ್ರೆ ನಾಲ್ಕರೊಳಗೆ!”

ಗೋಡೆ ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

“ಪುಟ್ಟೀ, ಅವನು ಕಳ್ಳ! ೧೯೩೦ಕ್ಕೆ ಫೋನ್ ಮಾಡೇ! ನಾನೇ ನಿನ್ ಗಂಡ! ಹದಿನೆಂಟು ಮುದ್ದೆ!”

“ಹದಿನೆಂಟು ಅಂದೋನು ಆಗ್ಲೇ ಬಂದು ಹೋಗ್ಯಾನೆ” ಎಂದು ಹನುಮಂತರಾಜು ನಡುವೆ ಬಾಯಿ ಹಾಕಿದ. ಅವನಿಗೆ ಹತ್ತು ವರ್ಷದಿಂದ ಇದೊಂದು ತಿಳಿಯಬೇಕೆಂದು ನಾಲಿಗೆ ತುರಿಸುತ್ತಿತ್ತು. “ಹದಿನೆಂಟು ಬೇಡ. ನಿಜವಾಗಿ ಎಷ್ಟು ಹೇಳು ನೋಡಾಣ. ಅದು ಅಸಲಿ ಬೋರಣ್ಣಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.”

ಬೋರಣ್ಣ ಸುತ್ತ ನೋಡಿದ. ಮೂವತ್ತು ಜನ. ಅವರಲ್ಲಿ ಅರ್ಧದಷ್ಟು ಜನಕ್ಕೆ ಅರ್ಧ ಗಂಟೆಯ ಹಿಂದೆ ಸಾಲಿನಲ್ಲಿ ನಿಂತು ಮುದ್ದೆಯ ಕತೆ ಹೇಳಿದ್ದ.

“...ಹನ್ನೆರಡು” ಅಂದ.

ಜನ ‘ಓ’ ಎಂದರು.

“ಒಂಬತ್ತು ಅಂತ ಇಟ್ಕಳ್ರಿ.”

“ಇನ್ನೂ ಇಳಿ” ಅಂದ ಹನುಮಂತರಾಜು.

“ಆರು... ಸಣ್ಣವು. ನಾಲ್ಕು.” ಮಂಡಿಯಲ್ಲಿ ಈರುಳ್ಳಿ ಬೆಲೆ ಬಿದ್ದಂತೆ ಬೀಳುತ್ತಿತ್ತು. ಹಾಲೇಶ ಬೆರಳು ಮಡಚುತ್ತ ಲೆಕ್ಕ ಹಿಡಿದಿದ್ದ. “ಎರಡು. ಒಂದೂವರೆ.”

ಮೂರೂ ಐವತ್ತೆರಡು. ಬೋರಣ್ಣನಿಗೆ ಗೂಟದ ಮೇಲಿನ ಬಿಳಿ ಕೋಟು ಕಣ್ಣ ಮುಂದೆ ಬಂತು. ಅವನು ಕಣ್ಣು ಮುಚ್ಚಿಕೊಂಡ.

“ಒಂದು. ಒಂದೇ ಮುದ್ದೆ ಕಣೇ ಪುಟ್ಟೀ. ಎರಡನೇದ್ರಲ್ಲಿ ಅರ್ಧ ಮುರಿದು ನಾಯಿಗೆ ಹಾಕ್ದೆ, ಇನ್ನರ್ಧ ಪಂಚೆ ಮಡಿಕೇಲಿ ಇಟ್ಕಂಡೆ. ಇಪ್ಪತ್ತು ವರ್ಷ ಸುಳ್ಳು ಹೇಳೀನಿ. ಈಗ ಫೋನ್ ಮಾಡೇ, ನಿನ್ ಕಾಲಿಗೆ ಬೀಳ್ತೀನಿ.”

ಯಾರೂ ನಗಲಿಲ್ಲ. ಆ ಕಡೆ ಪುಟ್ಟಕ್ಕ ಫೋನು ಕಿವಿಗೆ ಒತ್ತಿಕೊಂಡಾಗ ಬಳೆ ಸದ್ದಾಯಿತು. ಬೋರಣ್ಣನ ಎದೆಯಲ್ಲಿ ಸಣ್ಣದೊಂದು ಆಸೆ ಕಣ್ಣು ಬಿಟ್ಟಿತು.

“ಥೂ, ನಿನ್ ಬಾಯಿಗೆ ಹುಳ ಬೀಳ!” ಅಂದಳು ಪುಟ್ಟಕ್ಕ. “ಈಗ ಗ್ಯಾರಂಟಿ ಆತು, ನೀನು ಕಳ್ಳನೇ. ನಮ್ಮೆಜಮಾನ್ರು ಪ್ರಾಣ ಹೋದ್ರೂ ಒಂದು ಅಂತ ಬಾಯಿ ಬಿಡೋರಲ್ಲ. ಇಡಪ್ಪ ಹನುಮಂತಣ್ಣ ಫೋನು.”

ಮತ್ತೆ ಮಾಡಿದಾಗ ಹನುಮಂತರಾಜು ತೆಗೆಯಲಿಲ್ಲ. ಐದನೆಯ ಸಲಕ್ಕೆ ರಿಂಗ್ ಕೂಡ ಆಗಲಿಲ್ಲ. ಬೇರೆ ನಂಬರಿನಿಂದ ಬಂದರೆ ತಕ್ಷಣ ಬ್ಲಾಕ್ ಮಾಡಿ ಎಂದು ಊರಿಗೆ ಕಲಿಸಿದ್ದೂ ಬೋರಣ್ಣನೇ. ಬೇರೆ ಫೋನು ಕೇಳಬೇಕೆನ್ನುವಷ್ಟರಲ್ಲಿ ನಾಲ್ಕಾಯಿತು. ಶಾಲಿನಿ ಮೇಡಂ ಒಮ್ಮೆ ಅವನ ಕಡೆ ನೋಡಿದರು, ಪಟ್ಟಿಯ ಮೇಲೆ ಒಂದು ಗೆರೆ ಎಳೆದು, ಮುಂದಿನ ಹೆಸರು ಕೂಗಿದರು. ತಂದೆಯ ಜೊತೆ ಬಂದಿದ್ದ ಯಾವುದೋ ಹುಡುಗಿ ಓಡಿ ಬಂದಳು.

ಬಸ್ ಚಾರ್ಜು ಹಾಲೇಶ ಕೊಟ್ಟ. “ವಾಪಸ್ ಬೇಡ ಅಣ್ಣ” ಎಂದ. ಬಸ್ಸಿನಲ್ಲಿ ಬೋರಣ್ಣ ಯಾರ ಜೊತೆಗೂ ಮಾತಾಡಲಿಲ್ಲ. ಇಂಥ ಘಟನೆ ಜಿಲ್ಲೆಯಲ್ಲಿ ಹಿಂದೆ ನಡೆದಿಲ್ಲ.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಪುಟ್ಟಕ್ಕ ನಗುನಗುತ್ತ ಬಾಗಿಲಿಗೆ ಬಂದಳು.

“ಬರ್ರಿ, ಬರ್ರಿ. ಕುಂತ್ಕಳ್ರಿ. ಇವತ್ತು ನಿಮ್ ಮರ್ಯಾದೆ ಉಳಿಸೀನಿ ನಾನು! ಒಬ್ಬ ಕಳ್ಳ ನಿಮ್ ಹೆಸ್ರು ಹೇಳ್ಕಂಡು ಫೋನ್ ಮಾಡಿದ್ದ. ಹಂಗ್ ಉಗ್ದೀನಿ ನೋಡ್ರಿ, ಬೀದಿಯೋರೆಲ್ಲ ಶಭಾಷ್ ಅಂದ್ರು. ನೀವು ಕಲಿಸಿದ್ದು ನೀರಾಗೆ ಹೋಗ್ಲಿಲ್ಲ.”

ಒಳಗಿನಿಂದ ಅನುಷಾ ಬಂದಳು. ಬಿಳಿ ಕೋಟು ತೊಟ್ಟಿದ್ದಳು, ಅಳತೆ ನೋಡಲು. “ಅಪ್ಪಾ, ರಸೀದಿ ಕೊಡಿ, ಫೋಟೋ ತಕ್ಕಂತೀನಿ.”

ಪುಟ್ಟಕ್ಕ ನೀರಿನ ಚೊಂಬು ತಂದವಳು ಅರ್ಧದಲ್ಲೇ ನಿಂತಳು. ಏನೋ ನೆನಪಾದವಳಂತೆ ದನಿ ತಗ್ಗಿಸಿದಳು.

“ಆದ್ರೆ ಒಂದು ನಂಗೆ ತಿಳೀಲಿಲ್ಲ ರೀ. ಆ ಪಂಚೆ ಮಡಿಕೆ ವಿಷ್ಯ... ಮಾರನೇ ದಿನ ಆ ಪಂಚೆ ಒಗ್ದೋಳು ನಾನು. ಯಾರಿಗೂ ಹೇಳಿಲ್ಲ, ನಿಮ್ಮನ್ನೂ ಕೇಳಿಲ್ಲ. ಆ ಕಳ್ಳಂಗೆ ಅದು ಹೆಂಗ್ ಗೊತ್ತಾತು?”

ಬೋರಣ್ಣ ಮಗಳ ಕೋಟಿನ ಗುಂಡಿಗಳನ್ನೇ ನೋಡುತ್ತ ನಿಂತಿದ್ದ.

“ಅದು ನಾನೇ ಕಣೇ” ಅಂದ. “ಒಂದೇ ಮುದ್ದೆ.”