ಹತ್ತಿರದ ಹತ್ತಕ್ಕೆ

“ದಶಮಾಂಶವನ್ನ ಬೋರ್ಡಿನ ಮೇಲೆ ಕಲಿಸೋದು ಅಂದ್ರೆ ಈಜನ್ನ ಚಾಪೆ ಮೇಲೆ ಕಲಿಸಿದ ಹಾಗೆ! ನಾನು ಮಕ್ಕಳನ್ನ ನೇರ ನೀರಿಗೇ ಇಳಿಸ್ತೀನಿ, ನೋಡ್ತಾ ಇರಿ!”

ಶಿಕ್ಷಕರ ಕೊಠಡಿಯಲ್ಲಿ ಮೇಜು ಗುದ್ದಿ ಹೀಗೆ ಘೋಷಿಸಿದವರು ಏಳನೇ ತರಗತಿಯ ಲೆಕ್ಕದ ಮೇಷ್ಟ್ರು. ಗುದ್ದಿದ ರಭಸಕ್ಕೆ ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರ ಚಹಾ ಅವರ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಿತು. ಡ್ರಿಲ್ ಮೇಷ್ಟ್ರು ಒರೆಸಿಕೊಳ್ಳುತ್ತಾ ನಕ್ಕರು. ಆ ನಗುವೇ ಲೆಕ್ಕದ ಮೇಷ್ಟ್ರ ಹೊಟ್ಟೆಗೆ ಬೆಂಕಿ ಇಟ್ಟದ್ದು.

ವಿಷಯ ಇಷ್ಟೇ. ಕಳೆದ ಕಿರುಪರೀಕ್ಷೆಯಲ್ಲಿ ಏಳನೇ ತರಗತಿ ಇತಿಹಾಸ ಸೃಷ್ಟಿಸಿತ್ತು. 0.5 ದೊಡ್ಡದೋ 0.25 ದೊಡ್ಡದೋ ಎಂದು ಕೇಳಿದರೆ, 0.25 ಭಾರಿ ಬಹುಮತದಿಂದ ಗೆದ್ದು ಬಂದಿತ್ತು. ನಾಲ್ಕು ಮತ್ತು ಆರರ ಸಾಮಾನ್ಯ ಅಪವರ್ತ್ಯ ಬರೆಯಿರಿ ಎಂದರೆ, ಒಬ್ಬ ಮಹಾನುಭಾವ “ಇವುಗಳಲ್ಲಿ ಅಸಾಮಾನ್ಯವಾದದ್ದು ಏನೂ ಇಲ್ಲ” ಎಂದು ಬರೆದಿದ್ದ. ಉತ್ತರ ಪತ್ರಿಕೆಗಳನ್ನು ನೋಡಿದ ಮುಖ್ಯೋಪಾಧ್ಯಾಯಿನಿ ಕನ್ನಡಕ ಕೆಳಗಿಟ್ಟು ಹೇಳಿದರು:

“ಶನಿವಾರ ಒಂದು ಮಾದರಿ ಪಾಠ ಮಾಡಿ. ನಾನೇ ಬಂದು ಕೂತು ಅಂಕ ಹಾಕ್ತೀನಿ. ಹತ್ತಕ್ಕೆ ಐದು ಬಂದ್ರೆ ತರಗತಿ ನಿಮ್ದು. ಬರ್ಲಿಲ್ವಾ, ಡ್ರಿಲ್ ಮೇಷ್ಟ್ರಿಗೆ ಕೊಡ್ತೀನಿ.”

ಡ್ರಿಲ್ ಮೇಷ್ಟ್ರಿಗೆ! ವೃತ್ತಿಜೀವನದುದ್ದಕ್ಕೂ “ಒಂದು-ಎರಡು, ಒಂದು-ಎರಡು” ಬಿಟ್ಟು ಮೂರಕ್ಕೆ ಕಾಲಿಡದ ಮನುಷ್ಯನಿಗೆ! ಲೆಕ್ಕದ ಮೇಷ್ಟ್ರಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಅಂದೇ ತೀರ್ಮಾನಿಸಿದರು, ಪಾಠ ಶಾಲೆಯಲ್ಲಲ್ಲ, ತಮ್ಮ ಮನೆಯಲ್ಲಿ! ಗಣಿತ ಸಂಸಾರದ ಅಡುಗೆಮನೆಯಲ್ಲಿ ಹೇಗೆ ಮೈದಾಳಿ ನಿಂತಿದೆ ಎಂಬುದನ್ನು ಲೋಕ ನೋಡಲಿ!

ಅಡುಗೆಮನೆಯ ಒಡತಿಗೆ ಮಾತ್ರ ಈ ಸುದ್ದಿ ಕೊನೆಗೆ ತಲುಪಿತು. ಮೇಷ್ಟ್ರ ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುವವರು.

“ಶನಿವಾರ ಹಲ್ಲಿನ ಡಾಕ್ಟರ ಮನೆಯ ಕೇಕ್ ಇದೆ. ಮಕ್ಕಳ ದಂಡು ಒಳಗೆ ಬರಕೂಡದು” ಎಂದರು.

“ನಿನಗೇ ಉಪಕಾರ ಕಣೇ! ನಮ್ಮನೆ ಫ್ಯೂಸಿನ ಕಾಟಕ್ಕೆ ಶಾಶ್ವತ ಪರಿಹಾರ ಕೊಡ್ತೀನಿ.”

ಆ ಕಾಟ ನಿಜವೇ. ಹಳೆಯ ವೈರಿಂಗು. ಕೇಕಿನ ಅವನ್, ನೀರಿನ ಪಂಪು, ಬಚ್ಚಲಿನ ಹೀಟರು ಮೂರೂ ತಮ್ಮಷ್ಟಕ್ಕೆ ತಾವು ಆಗಾಗ ಹತ್ತಿಕೊಂಡು ಆರುವಂಥವು. ಎರಡು ಒಟ್ಟಿಗೆ ಹತ್ತಿಕೊಂಡರೆ ಚಿಂತೆಯಿಲ್ಲ, ಮೂರೂ ಸೇರಿದರೆ ಫ್ಯೂಸು ಢಂ! ಆದರೆ ಹಾಗೆ ಮೂರೂ ಸೇರುವುದು ಬಲು ಅಪರೂಪ. ಹೋದ ವರ್ಷ ಒಮ್ಮೆ ಸೇರಿತ್ತು. ಆ ಒಂದು ಸಲಕ್ಕೇ ಮೇಷ್ಟ್ರು ಇನ್ನೂ ಹಲ್ಲು ಮಸೆಯುತ್ತಿದ್ದರು.

ವಾರವಿಡೀ ಮಕ್ಕಳನ್ನು ಜೋಡಿ ಜೋಡಿಯಾಗಿ ಮನೆಗೆ ಕರೆಸಿ, ಗಡಿಯಾರ ಹಿಡಿಸಿ ಅಳತೆ ಮಾಡಿಸಿದರು. ಅವನ್ 14.6 ನಿಮಿಷಕ್ಕೊಮ್ಮೆ, ಪಂಪು 17.9ಕ್ಕೊಮ್ಮೆ, ಹೀಟರು 27.4ಕ್ಕೊಮ್ಮೆ ಹತ್ತಿಕೊಳ್ಳುತ್ತವೆ ಎಂದು ತಿಳಿಯಿತು. ಮೇಷ್ಟ್ರು ಮೂಗು ಮುರಿದರು. ಇಂಥ ಚಿಲ್ಲರೆ ಸಂಖ್ಯೆಗಳಿಂದಲೇ ಸಂಸಾರಗಳು ಹಾಳಾಗುವುದು! ಅಂಗಡಿಯಿಂದ ಮೂರು ಟೈಮರ್ ತಂದು, ಮೂರಕ್ಕೂ ಸಿಕ್ಕಿಸಿ, ಎಲ್ಲವನ್ನೂ ಹತ್ತಿರದ ಹತ್ತಕ್ಕೆ ರೌಂಡ್ ಮಾಡಿದರು. ಅವನ್ 10, ಪಂಪು 20, ಹೀಟರು 30. ಆಹಾ, ಎಂಥ ಶಿಸ್ತು!

“ಸಾರ್, ಅವನ್ನಿನ 4.6 ಎಲ್ಲಿ ಹೋಯ್ತು?” ಎಂದು ಕೇಳಿದಳು ಸದಾ ಪೆನ್ಸಿಲ್ ಕಡಿಯುವ ಒಬ್ಬ ಹುಡುಗಿ. ತರಗತಿಯಲ್ಲಿ ಅವಳ ಹೆಸರೇ ಪೆನ್ಸಿಲ್.

“ಬಿಟ್ಟುಹಾಕಿದೆ. ದೊಡ್ಡ ಕೆಲಸ ಮಾಡೋರು ಚಿಕ್ಕದನ್ನೆಲ್ಲ ಕಟ್ಕೊಂಡು ಕೂರಬಾರ್ದು.”

“ಅವನ್‌ಗೆ ಅದರದೇ ಒಂದು ಲೆಕ್ಕ ಇದೆ ಕಣ್ರೀ” ಎಂದು ಹೆಂಡತಿ ಒಳಗಿನಿಂದ ಕೂಗಿದರು.

“ಇಲ್ಲಿ ಲೆಕ್ಕದ ಮೇಷ್ಟ್ರು ನಾನೋ ಅವನ್ನೋ?”

ಹೆಂಡತಿ ಬಾಗಿಲಿಗೆ ಬಂದು ಇಣುಕಿದರು. ನೋಡಿದ ನೋಟ ಚೆನ್ನಾಗಿರಲಿಲ್ಲ.

ಶನಿವಾರ ಬಂತು. ಅಡುಗೆಮನೆಯಲ್ಲಿ ಮಕ್ಕಳು ಒತ್ತೊತ್ತಾಗಿ ನಿಂತರು. ಮುಖ್ಯೋಪಾಧ್ಯಾಯಿನಿ ಇದ್ದ ಒಂದೇ ಕುರ್ಚಿಯಲ್ಲಿ ವಿರಾಜಮಾನರಾದರು. ಡ್ರಿಲ್ ಮೇಷ್ಟ್ರು ಕರೆಯದಿದ್ದರೂ ಬಂದು, ಬಾಗಿಲಿಗೆ ಒರಗಿ, ಎದೆಗೆ ಕೈಕಟ್ಟಿ ನಿಂತರು. ಮುಕ್ಕಾಲು ಗಂಟೆ ಮುಂಚೆಯೇ ಮೂರು ಟೈಮರನ್ನೂ ಒಟ್ಟಿಗೆ ಸೊನ್ನೆಗೆ ತಿರುಗಿಸಿಟ್ಟಿದ್ದ ಮೇಷ್ಟ್ರು, ಕೋಲು ಸಿಗದೆ ಕೇಕ್ ಕಲಸುವ ಕಡೆಗೋಲನ್ನೇ ಎತ್ತಿಕೊಂಡು ಶುರು ಮಾಡಿದರು.

“ಮಕ್ಕಳೇ! ಹತ್ತು, ಇಪ್ಪತ್ತು, ಮೂವತ್ತು! ಇವು ಮೂರರ ಲಘುತಮ ಸಾಮಾನ್ಯ ಅಪವರ್ತ್ಯ ಎಷ್ಟು?”

“ಅರವತ್ತು ಸಾರ್!” ಎಂದಿತು ಮುಂದಿನ ಸಾಲು. ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದು ಸಾರ್ಥಕವಾಯಿತು!

“ಶಭಾಷ್! ಅಂದ್ರೆ ಸರಿಯಾಗಿ ಅರವತ್ತನೇ ನಿಮಿಷದಲ್ಲಿ ಮೂರೂ ಒಟ್ಟಿಗೆ ಹತ್ಕೊಳ್ತವೆ. ಗೊತ್ತಿದ್ದವನು ಒಂದು ಸೆಕೆಂಡ್ ಮುಂಚೆ ಪಂಪ್ ಆರಿಸ್ತಾನೆ. ಗೊತ್ತಿಲ್ಲದವನು…” ಎನ್ನುತ್ತಾ ಕಡೆಗೋಲನ್ನು ಡ್ರಿಲ್ ಮೇಷ್ಟ್ರ ಕಡೆಗೆ ಬೀಸಿದರು. ಅದಕ್ಕೆ ಅಂಟಿದ್ದ ಕೆನೆ ಗಾಳಿಯಲ್ಲಿ ಹಾರಿ, ಡ್ರಿಲ್ ಮೇಷ್ಟ್ರನ್ನು ಬಿಟ್ಟು, ಮುಖ್ಯೋಪಾಧ್ಯಾಯಿನಿಯ ಕನ್ನಡಕದ ಮೇಲೆ ಹೋಗಿ ಕೂತಿತು.

“ಅಯ್ಯಯ್ಯೋ ಮೇಡಂ!”

“ಪಾಠ ನಿಲ್ಲಿಸ್ಬೇಡಿ. ತೊಳ್ಕೊಂಡು ಬರ್ತೀನಿ” ಎಂದು ಅವರು ಗಂಭೀರವಾಗಿ ಬಚ್ಚಲಿಗೆ ನಡೆದರು.

ಪಾಠ ಮುಂದುವರಿಯಿತು. ಗುಣಿಸಿದರು, ಭಾಗಿಸಿದರು, ನಡುನಡುವೆ ತಮ್ಮನ್ನೇ ಹೊಗಳಿಕೊಂಡರು. ಅಷ್ಟರಲ್ಲಿ ಅರವತ್ತನೇ ನಿಮಿಷ ಹತ್ತಿರ ಬಂತು. ಬಚ್ಚಲಿನ ಬಾಗಿಲು ಇನ್ನೂ ತೆರೆದಿರಲಿಲ್ಲ, ಕೆನೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಷ್ಟೇ. ಮೇಷ್ಟ್ರಿಗೆ ಆವೇಶ ಬಂದುಬಿಟ್ಟಿತು. “ಎಲ್ಲರೂ ಗಡಿಯಾರ ನೋಡಿ! ಜೋರಾಗಿ ಎಣಿಸಿ! ಐದು! ನಾಲ್ಕು! ಮೂರು!” ಮಕ್ಕಳು ಸೂರು ಹಾರುವಂತೆ ಎಣಿಸಿದರು. ಬಾಗಿಲ ಬಳಿ ಡ್ರಿಲ್ ಮೇಷ್ಟ್ರಿಗೂ ಉತ್ಸಾಹ ತಡೆಯಲಾಗಲಿಲ್ಲ, “ಎರಡು! ಒಂದು!” ಎಂದು ತಮ್ಮ ಪಾಂಡಿತ್ಯವನ್ನೆಲ್ಲ ಸುರಿದರು.

ಮೇಷ್ಟ್ರೂ ಕೈಯೆತ್ತಿ ಎಣಿಸುತ್ತಿದ್ದರು. ಹೀಗಾಗಿ ಪಂಪು ಆರಿಸಲು ಯಾರೂ ಉಳಿಯಲಿಲ್ಲ.

ಅವನ್ ಗುರ್ ಎಂದಿತು. ಪಂಪು ಡುಂ ಎಂದಿತು. ಹೀಟರು ಕ್ಲಿಕ್ ಎಂದಿತು. ಫ್ಯೂಸು ಢಂ!

ಅಡುಗೆಮನೆಯ ಕಿಟಕಿಯಲ್ಲಿ ಬೆಳಕಿತ್ತು, ಸರಿ. ಬಚ್ಚಲಿಗೆ ಕಿಟಕಿಯೇ ಇರಲಿಲ್ಲ. ಒಳಗಿನಿಂದ “ಯಾರ್ರೀ ದೀಪ ಆರಿಸಿದ್ದು? ಕಣ್ಣಲ್ಲಿ ಸೋಪು!” ಎಂಬ ಆರ್ತನಾದ ಕೇಳಿತು. ನಲ್ಲಿಗಾಗಿ ತಡಕಾಡಿದ ಕೈ ಏನನ್ನೋ ತಿರುಗಿಸಿದ ಸದ್ದು. ಷವರಿನ ಸದ್ದು. ನಂತರ ಇನ್ನೂ ದೊಡ್ಡ ಆರ್ತನಾದ.

ಇತ್ತ ಹೆಂಡತಿ ಅವನ್ ತೆರೆದರು. ಡಾಕ್ಟರ ಮನೆಯ ಕೇಕು ನಡುವೆ ಕುಸಿದು, ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತಿತ್ತು.

“ಶಾಶ್ವತ ಪರಿಹಾರ ಅಂದ್ರಲ್ಲ, ಇದೇನಾ?” ಎಂದರು. ದನಿ ತೀರಾ ಮೆಲ್ಲಗಿತ್ತು. ಮೇಷ್ಟ್ರಿಗೆ ಭಯವಾದದ್ದು ಅದಕ್ಕೇ.

“ಹಳೇ ವೈರಿಂಗು! ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ!”

“ತಪ್ಪಿದೆ ಸಾರ್” ಎಂದಳು ಪೆನ್ಸಿಲ್, ಕ್ಯಾಲ್ಕುಲೇಟರಿನಿಂದ ತಲೆಯೆತ್ತದೆ. “ರೌಂಡ್ ಮಾಡದೆ ಇದ್ರೆ 14.6, 17.9, 27.4. ಚುಕ್ಕಿ ತೆಗೆದು 146, 179, 274 ಮಾಡ್ಕೊಂಡು ಲಸಾಅ ತೆಗೆದೆ, ಆಮೇಲೆ ಹತ್ತರಿಂದ ಭಾಗಿಸ್ದೆ. ಮೂರೂ ಸೇರೋಕೆ ಮೂರೂವರೆ ಲಕ್ಷ ನಿಮಿಷದ ಮೇಲೆ ಬೇಕು. ಅಂದ್ರೆ ಎಂಟು ತಿಂಗಳು ಸಾರ್! ನೀವು ಅದನ್ನ ಗಂಟೆಗೊಂದು ಸಲ ಮಾಡಿಟ್ರಿ.”

ಎಲ್ಲ ಮಕ್ಕಳೂ ಅವಳ ಸುತ್ತ ಮುಗಿಬಿದ್ದರು. “ಓಹೋ, ಚಿಲ್ಲರೆ ಇದ್ದಿದ್ದಕ್ಕೇ ಸೇರ್ತಿರ್ಲಿಲ್ಲ!” “ಸಾರ್ ಸೇರಿಸಿಬಿಟ್ರು!” ಎಂದು ಒಬ್ಬರಿಗೊಬ್ಬರು ವಿವರಿಸತೊಡಗಿದರು. ವರ್ಷವಿಡೀ ತಲೆಗೆ ಹೋಗದ್ದು ಒಂದು ಫ್ಯೂಸಿನಲ್ಲಿ ಹೋಗಿತ್ತು. ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತಿದ್ದರು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ತೊಟ್ಟಿಕ್ಕುತ್ತಾ ಹೊರಬಂದರು. ಮೇಷ್ಟ್ರ ಹೆಂಡತಿ ಕೊಟ್ಟ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಅದೇ ಕುರ್ಚಿಯಲ್ಲಿ ಅದೇ ಗಾಂಭೀರ್ಯದಿಂದ ಕೂತರು.

“ಎಲ್ಲ ಕೇಳಿಸ್ಕೊಂಡೆ. ಮಕ್ಕಳಿಗೆ ಅರ್ಥ ಆಗಿದೆ, ಹೇಗೆ ಆಯ್ತು ಅನ್ನೋದು ಬೇರೆ ಮಾತು. ಅದಕ್ಕೆ ಐದು ಅಂಕ. ಸೋಪಿಗೆ 0.1 ಕಳೆದಿದ್ದೀನಿ. 4.9.”

ಮೇಷ್ಟ್ರ ಜೀವ ಬಾಯಿಗೆ ಬಂತು. ಬಾಗಿಲ ಬಳಿ ಡ್ರಿಲ್ ಮೇಷ್ಟ್ರು ಕೊರಳಿನ ಸೀಟಿಯನ್ನು ಒರೆಸಿಕೊಳ್ಳುತ್ತಿದ್ದರು.

“ಮೇಡಂ, 4.9 ಅಂದ್ರೆ ಐದೇ ಅಲ್ವಾ! ನಿಮ್ಮ ಕಾಲಿಗೆ ಬೀಳ್ತೀನಿ, ಒಂಚೂರು ರೌಂಡ್ ಮಾಡಿ!”

“ಮಾಡೋಣ” ಎಂದರು ಅವರು, ಕಿವಿಯೊಳಗಿನ ನೀರನ್ನು ಟವೆಲ್ಲಿನ ತುದಿಯಿಂದ ತೆಗೆಯುತ್ತಾ. “ನಿಮ್ಮ ಪದ್ಧತಿಯಲ್ಲೇ ಮಾಡೋಣ. ಮಕ್ಕಳೇ, 4.9. ಹತ್ತಿರದ ಹತ್ತಕ್ಕೆ ಎಷ್ಟು?”

ಇಡೀ ಏಳನೇ ತರಗತಿ, ಹಿಂದಿನ ಸಾಲೂ ಸೇರಿದಂತೆ, ಒಬ್ಬರೂ ತಪ್ಪದೆ ಒಂದೇ ದನಿಯಲ್ಲಿ ಕೂಗಿತು:

“ಸೊನ್ನೆ, ಮೇಡಂ!”