ಯಾರ ಮನೆಯ ಕಾರ್ಬೊರೇಟರು

ಚೌಡೇಶ ಸತ್ತುಹೋದ. ಹೃದಯ ನಿಂತಿತು ಎಂದರು ಡಾಕ್ಟರು. ಚಡ್ಡಿ ಹಾಕುವ ಕಾಲದಿಂದ ನನ್ನ ಗೆಳೆಯ. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದೇ ಕೂತಿದ್ದೇನೆ. ಆದರೆ ನಿಜ ಹೇಳಬೇಕೆಂದರೆ, ಅತ್ತು ಮುಗಿಯುವ ಮೊದಲೇ ನನಗೆ ಅವನ ಮೇಲೆ ಕೋಪ ಬಂದಿತ್ತು. ಕಾರಣ, ಅವನ ಮಗ್ಗದ ಗುಂಡಿ.

ಚೌಡೇಶನದು ಹಿಂದೂಪುರದ ನೇಕಾರರ ಮನೆ. ಅವನಪ್ಪ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಗುಂಡಿಯಲ್ಲಿ ಮೆಕ್ಯಾನಿಕ್ಕಾದ ಮಗರಾಯ ಹಳೆಯ ಮೋಟಾರ್ ಸೈಕಲ್ಲುಗಳ ಬಿಡಿಭಾಗ ತುಂಬಿದ್ದ. ಗೇರು, ಚೈನು, ಕಿಕ್ಕರು, ಬ್ರೇಕ್ ಡ್ರಮ್ಮು. ಒಂದರ ಮೇಲೂ ಹೆಸರಿಲ್ಲ, ನಂಬರಿಲ್ಲ. ಇದ್ದದ್ದು ಸವೆದು ನುಣ್ಣಗಾಗಿತ್ತು. ಒಂದೊಂದು ಚೀಟಿ ಅಂಟಿಸೋ ಮಹರಾಯ ಎಂದರೆ, "ಮಕ್ಕಳ ಹಣೆ ಮ್ಯಾಲೆ ಯಾರಾದ್ರೂ ಹೆಸ್ರು ಬರ್ದಿಕ್ತಾರೇನ್ಲಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಈಗ ಅಷ್ಟೂ ಮಕ್ಕಳು ಅನಾಥ. ತಿಥಿಗೆ ಮನೆ ತೊಳೆಯಲು ಬಂದ ನೆಂಟರು ಜಗಲಿಯಲ್ಲಿದ್ದುದು, ಅಟ್ಟದಲ್ಲಿದ್ದುದು ಎಲ್ಲವನ್ನೂ ಅದೇ ಗುಂಡಿಗೆ ತಳ್ಳಿ ಕೈ ತೊಳೆದುಕೊಂಡಿದ್ದರು. ಕಲ್ಯಾಣದುರ್ಗದಲ್ಲಿ ಹಳೇ ಸಾಮಾನಿನ ಅಂಗಡಿಯಿಟ್ಟಿರುವ ಪೆದ್ದಪ್ಪ ಕೊಳ್ಳುತ್ತೇನೆ ಎಂದ. ಅವನ ಕಾನೂನು ಸರಳ. ಇಂಥ ಗಾಡಿಯದು ಎಂದು ಹೇಳಿದ ಮಾಲಿಗೆ ಮಾಲಿನ ಬೆಲೆ, ಹೆಸರಿಲ್ಲದ್ದೆಲ್ಲ ಗುಜರಿ ತಕ್ಕಡಿಗೆ.

ಚೌಡೇಶನ ಹೆಂಡತಿ ಚಿನ್ನಕ್ಕ ನನ್ನ ಮುಂದೆ ನಿಂತಳು. "ಅಣ್ಣಾ, ಗುಂಡಿ ಖಾಲಿಯಾದ್ರೆ ಮಗ್ಗ ಇಕ್ಕೊಂಡು ಬದುಕ್ತೀನಿ. ಆದ್ರೆ ಅವ್ರು ಕೂಡಿಟ್ಟಿದ್ನ ಕಬ್ಬಿಣ ಅಂತ ತೂಗಾಕೆ ಮಾತ್ರ ಬುಡಬ್ಯಾಡಿ. ಅವ್ರನ್ನೇ ತೂಗ್ದಂಗಾಯ್ತದೆ. ನೀವು ಅಷ್ಟೊಂದು ಬುಕ್ಕು ಓದೀರ, ಹೆಸ್ರು ಹೇಳ್ಬುಡಿ."

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. (ಛಂದಸ್ಸು ಬಿಡಿಸಬಲ್ಲೆ, ಕ್ಲಚ್ಚು ಬಿಚ್ಚಲಾರೆ.) ಆದರೂ ಆ ಮಾತಿನ ಮೇಲೆ ಇಲ್ಲವೆನ್ನಲಾಗಲಿಲ್ಲ. ಫೋನಿನಲ್ಲಿ ಚಿತ್ರ ಹುಡುಕಿಕೊಂಡು, ಪಂಚೆ ಎತ್ತಿ ಕಟ್ಟಿ, ಸಂಶೋಧನೆಗೆಂದು ಗುಂಡಿಗಿಳಿದೆ. ಫೋನಿನ ಕಣ್ಣಿಗೆ ಗೇರು ಕಂಡರೆ ಚಕ್ಕುಲಿ ಒರಳಿನ ಬಿಲ್ಲೆ ಎನ್ನುತ್ತಿತ್ತು. ಅದನ್ನು ನಂಬದೆ ನಾನೇ ಒಂದು ಬಿಲ್ಲೆಯನ್ನು ಗಂಭೀರವಾಗಿ ಪರೀಕ್ಷಿಸಿ, ಇದು ಹಳೆಯ ಗಾಡಿಯ ಕ್ಲಚ್ ಪ್ಲೇಟು ಎಂದು ಘೋಷಿಸಿದಾಗ, ಚಿನ್ನಕ್ಕ ಅದನ್ನು ಕಿತ್ತುಕೊಂಡಳು. "ಉಗಾದಿಯಿಂದ ಹುಡುಕ್ತಿದೀನಿ, ಇದೇ ಕಣಣ್ಣ ನನ್ ಚಕ್ಕುಲಿ ಬಿಲ್ಲೆ!"

ಚಿನ್ನಕ್ಕನಿಗೂ ಸಾಮಾನಿನ ಗುರುತು ಗೊತ್ತಿತ್ತು, ಆದರೆ ಗಂಡನ ಪದ್ಧತಿಯಲ್ಲಿ. ಚೌಡೇಶ ಯಾವ ಸಾಮಾನನ್ನೂ ಕಂಪನಿಯ ಹೆಸರಿನಿಂದ ಕರೆದವನಲ್ಲ. ಹೊಸಬರನ್ನು ನಮ್ಮ ಕಡೆ 'ಯಾರ ಮನೆಯೋರು' ಎಂದು ಕೇಳುತ್ತಾರಲ್ಲ, ಹಾಗೆ ಗಾಡಿ ಯಾರ ಮನೆಯದೋ ಅವರ ಹೆಸರಿನಿಂದಲೇ ಕರೆಯುತ್ತಿದ್ದ.

"ಇದು ಸೋಮಂದೇಪಲ್ಲಿ ದೊಡ್ಡಬಸಪ್ಪಂದು."

"ದೊಡ್ಡಬಸಪ್ಪನದು ಯಾವ ಗಾಡಿ?"

"ಕೆಂಪುದು."

"ಕೆಂಪು ಯಾವುದಮ್ಮಾ?"

"ಕೆಂಪಂದ್ರೆ ಕೆಂಪು. ಹಿಂದ್ಗಡೆ ಅವ್ರ ಹೆಂಡ್ತಿ ಕೂತ್ರೆ ಮುಂದಿನ ಚಕ್ರ ಎತ್ಕೊಳ್ತಿತ್ತು, ಅದು."

ದೊಡ್ಡಬಸಪ್ಪನಿಗೆ ಫೋನು ಮಾಡಿದೆ. ಆತ ಚೌಡೇಶನ ಗುಣ ನೆನೆದು ಅತ್ತ. ನಾನೂ ಅತ್ತೆ. ಫೋನಿಟ್ಟ ಮೇಲೆ ನೋಡುತ್ತೇನೆ, ಗಾಡಿ ಯಾವುದೆಂದು ಕೇಳುವುದನ್ನೇ ಮರೆತಿದ್ದೇನೆ! ಮತ್ತೆ ಮಾಡಿದೆ. ಮತ್ತೆ ಅತ್ತ. ಹೀಗೆ ಚಿಲಮತ್ತೂರಿನ ಪೋಲಮ್ಮನ ಅಳಿಯನಿಗೆ, ಹುಣಸೆಹಣ್ಣಿನ ಮಂಡಿಯವನಿಗೆ, ಒಬ್ಬೊಬ್ಬರಿಗೂ ಫೋನು ಮಾಡಿ, ಅತ್ತು, ಮೂಗೊರೆಸಿ, ಗಾಡಿಯ ಹೆಸರು ಹೊರಡಿಸಿದೆವು. ಒಂದು ಬ್ರೇಕ್ ಡ್ರಮ್ಮಿಗೆ ಇಷ್ಟು ಕಣ್ಣೀರು ಯಾರೂ ಸುರಿಸಿರಲಾರರು.

ಕೊನೆಗೆ ಒಂದು ಕಾರ್ಬೊರೇಟರು ಮಾತ್ರ ಉಳಿಯಿತು. ಥಳಥಳ ಹೊಳೆಯುತ್ತಿತ್ತು.

"ಇದು ಯಾರ ಮನೇದೋ ತಿಳೀವಲ್ದು ಕಣಣ್ಣ," ಎಂದಳು ಚಿನ್ನಕ್ಕ.

ಪೆದ್ದಪ್ಪ ಆಗಲೇ ಲಗೇಜ್ ಆಟೋ ಜೊತೆ ಬಂದು ಬಾಗಿಲಲ್ಲಿ ತಕ್ಕಡಿ ಇಳಿಸಿದ್ದ. ಉಳಿದ ಮಾಲಿಗೆಲ್ಲ ಹೆಸರು ಕೇಳಿ ಒಪ್ಪಿಕೊಂಡು ಇದನ್ನೆತ್ತಿದ. "ಇದಿ ಏ ಬಂಡಿದಿ ಸಾರ್? ಹೆಸ್ರಿಲ್ಲಾಂದ್ರೆ ತಕ್ಕಡಿಗೆ ಹಾಕ್ಬುಡ್ಲಾ?"

ಚಿನ್ನಕ್ಕನ ಮುಖ ಸಣ್ಣದಾಯಿತು. ನನ್ನೊಳಗಿನ ವಿದ್ವಾಂಸ ಭುಗಿಲೆದ್ದ.

"ತಕ್ಕಡಿಗೇ? ಅಯ್ಯಾ, ಇದು ಈಗ ತಯಾರಾಗದ ಪುರಾತನ ಟೂ ಸ್ಟ್ರೋಕ್ ಗಾಡಿಯದು. ಎರಡು ಜಿಲ್ಲೆ ಜಾಲಾಡಿದರೂ ಇನ್ನೊಂದು ಸಿಕ್ಕುವುದಿಲ್ಲ. ಮಿಕ್ಕವುಗಳ ದುಪ್ಪಟ್ಟು ಬೆಲೆ ಇದಕ್ಕೆ!"

ಪೆದ್ದಪ್ಪ ಅದನ್ನು ತಿರುಗಿಸಿ ನೋಡಿದ, ನನ್ನನ್ನು ನೋಡಿದ, ಚಿನ್ನಕ್ಕನನ್ನೂ ನೋಡಿದ. ದುಪ್ಪಟ್ಟು ಬೆಲೆ ಎಣಿಸಿಕೊಟ್ಟ. ತಕ್ಕಡಿ ಹಾಗೆಯೇ ಆಟೋ ಹತ್ತಿತು. ಚಿನ್ನಕ್ಕ ಖಾಲಿ ಗುಂಡಿಯನ್ನು ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಎದೆ ಅರ್ಧ ಗೇಣು ಉಬ್ಬಿತು.

"ಅಣ್ಣಾ, ನಿಮ್ ಗಾಡೀನೂ ಹಿತ್ಲಾಗೇ ನಿಂತದೆ. ತಗಂಡೋಗಿ."

ನಿಜ. ಸರ್ವೀಸಿಗೆಂದು ಬಿಟ್ಟದ್ದು, ಅವನು ಹೋದಮೇಲೆ ಅದನ್ನು ತರಲು ಮನಸ್ಸು ಬಂದಿರಲಿಲ್ಲ. ವಿಜಯೋತ್ಸಾಹದಲ್ಲಿ ಹೊರಗೆ ತಳ್ಳಿಕೊಂಡು ಬಂದು ಕಿಕ್ ಹೊಡೆದೆ. ಕೆಮ್ಮಲೂ ಇಲ್ಲ. ಚೋಕ್ ಎಳೆಯೋಣವೆಂದು ಕೈ ಹಾಕಿದರೆ ಚೋಕೇ ಇಲ್ಲ. ಬೆವರಿಳಿಯುವವರೆಗೆ ಒದ್ದೆ.

ಪೆದ್ದಪ್ಪ ಆಟೋದಿಂದಿಳಿದು ಬಂದು ಬಗ್ಗಿ ನೋಡಿದ. "ಒದೀಬ್ಯಾಡಿ ಸಾರ್, ಪಾಪ. ಅದರ ಪುರಾತನ ಕಾರ್ಬೊರೇಟರು ನನ್ನ ಆಟೋದಾಗೈತೆ."

"ನಿನಗೆ ಮೊದಲೇ ಗೊತ್ತಿತ್ತೇನಯ್ಯಾ?"

"ಟೂ ಸ್ಟ್ರೋಕ್‌ದಲ್ಲ ಅಂತ ನೋಡ್ತಿದ್ದಂಗೇ ಗೊತ್ತಾಯ್ತು. ಯಾರ್ದು ಅಂತ ಈಗ ಗೊತ್ತಾಯ್ತು. ಚಾವು ಇಂಟ್ಲೋ ವಾದನ ಎಂದುಕು, ಸಾವಿನ ಮನೇಲಿ ಜಗಳ ಯಾಕೆ ಅಂತ ಸುಮ್ಕಿದ್ದೆ. ಲಾಭ ಬ್ಯಾಡ ಸಾರ್, ಕೊಟ್ಟ ಬೆಲೆಗೇ ವಾಪಸ್ ಕೊಡ್ತೀನಿ."

"ದುಪ್ಪಟ್ಟು ಬೆಲೆಗಾ?"

"ಮೀರೇ ಚೆಪ್ಪಾರು ಕದಾ ಸಾರ್, ನೀವೇ ಹೇಳಿದ್ರಲ್ಲ, ಎರಡು ಜಿಲ್ಲೆಗೆ ಇದೊಂದೇ ಅಂತ!"

ಚಿನ್ನಕ್ಕನ ಕೈಯಲ್ಲಿದ್ದ ಹಣದ ಕಡೆ ನಾನು ನೋಡಲಿಲ್ಲ. ನನ್ನ ಜೇಬಿನಿಂದಲೇ ಕೊಟ್ಟು, ನನ್ನ ಕಾರ್ಬೊರೇಟರನ್ನು ನಾನೇ ಕೊಂಡುಕೊಂಡೆ. ಚಿನ್ನಕ್ಕ ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕಳು. ಅವನು ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗು ನಿಂತಮೇಲೆ ಮೆಲ್ಲಗೆ ಹೇಳಿದಳು:

"ಈಗ ಗ್ಯಾನ ಬಂತು ಕಣಣ್ಣ. ಅವ್ರು ಹೋದ ದಿನ ಜಗಲಿ ಮ್ಯಾಲೆ ಕೂತ್ಕಂಡು ಅದನ್ನೇ ಬಿಚ್ಚಿ ತೊಳೀತಿದ್ರು. 'ಮೇಷ್ಟ್ರು ಇದರಾಗೆ ರಾಗಿ ಬೆಳೀಬೋದು, ಅಷ್ಟು ಮಣ್ಣು ತುಂಬವ್ನೆ' ಅಂತ ಬೈಕಂಡು, ನನ್ ಹಳೇ ಸೀರೆ ತುಂಡು ಇಸ್ಕಂಡು ಒರೆಸಿದ್ರು. ಬಿಸಿಲಿಗೆ ಹಿಡಿದು ತೂತಿನಾಗೆ ಕಣ್ಣಿಟ್ಟು ನೋಡಿದ್ರು. ಉಫ್ ಅಂತ ಒಂದ್ಸಲ ಊದಿ ಕೆಳಗಿಟ್ಟು, 'ಅನ್ನ ಇಕ್ಕು, ಕೈ ತೊಳ್ಕಂಡು ಬತ್ತೀನಿ' ಅಂದು, ಬಚ್ಚಲ ಕಡೆ ಹೋದ್ರು."